ಸಾವಂತ್ರವ್ವ ವ್ಯಾಖ್ಯಾನಕ್ಕೆ ಹೋದದ್ದು

ಮಳೆಗಾಲದ ಕೆಸರಿಗೆ ಬೇಸರಪಡದ ಹೆಣ್ಣುಮಗಳು ಯಾರಿದ್ದಾಳೆ ಹೇಳಿ. ಪುಣೆಯ ಹತ್ತಿರದ ನಿಗಡಿಯ ಸಾವಂತ್ರವ್ವನಿಗೂ ಅದೇ ಬೇಸರ. ಅವಳ ಗಲ್ಲಿಯಲ್ಲಿ ಎದುರುಬದುರು ಎರಡು ಸಾಲು ಮನೆ. ನಡುವೆ ಉದ್ದಕ್ಕೂ ಮಣ್ಣಿನ ಅಂಗಳ. ಕಂಪೌಂಡ್ ಗೋಡೆಯ ಬದಿಗೆ ಮೊಳದಗಲದ ಒಂದು ಹಳೆಯ ಕಾಲುವೆ, ಮೂರ್ನಾಲ್ಕು ಬೇವಿನ ಮರ. ಜೂನ್ ಬಂತೆಂದರೆ ಚಪ್ಪಲಿಗೆ ಮೆತ್ತಿದ ಕೆಸರು ಪಡಸಾಲೆಗೆ, ಪಡಸಾಲೆಯಿಂದ ಅಡಿಗೆಮನೆಗೆ. ಕಾಲುವೆಯಲ್ಲಿ ಹುಲ್ಲು ಬೆಳೆದು ಸಂಜೆಯಾದರೆ ಸೊಳ್ಳೆ.

ಸಾವಂತ್ರವ್ವನ ಗಂಡ ಹೊಳಬಸಪ್ಪನದು ಫರಸಿ ಅಂಗಡಿ. ತಾಳಿಕೋಟೆಯ ಕಡೆಯವರು. ಊರ ಕಡೆಯ ಹಾಸುಗಲ್ಲು ತರಿಸಿ ಮಾರುತ್ತ ನಿಗಡಿಯಲ್ಲಿ ನೆಲೆ ನಿಂತಿದ್ದರು. ಸಿಮೆಂಟಿನ ಪೇವರ್ ಬ್ಲಾಕುಗಳು ಬಂದ ಮೇಲೆ ಅವನ್ನೂ ಮಾರತೊಡಗಿದ್ದ. ಕೆಂಪು, ಹಳದಿ, ಬೂದು. ನಾಲ್ಕಾರು ಸೊಸಾಯಿಟಿಗಳ ಅಂಗಳ ಅವನೇ ಹಾಸಿಕೊಟ್ಟಿದ್ದ.

2006ರ ಜನವರಿಯಲ್ಲಿ ಗಲ್ಲಿಯ ಮೀಟಿಂಗ್ ನಡೆಯಿತು. ಅಲ್ಲಿಯ ಮಾತೆಲ್ಲ ಮರಾಠಿಯಲ್ಲಿ. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇವೆ.

“ಈ ಕೆಸರು ಸಾಕು” ಎಂದರು ಸೆಕ್ರೆಟರಿ ಪ್ರಲ್ಹಾದರಾವ್. “ಹೊಳಬಸಪ್ಪ, ನಿಮ್ಮ ಬ್ಲಾಕ್ ಹಾಕಿಬಿಡಿ. ಗೋಡೆಯಿಂದ ಗೋಡೆಗೆ. ಆ ಹಳೆಯ ಕಾಲುವೆಯನ್ನೂ ಮುಚ್ಚಿಬಿಡಿ.”

“ಸೊಳ್ಳೆ ಹೋಗುತ್ತವಲ್ಲ?” ಎಂದು ಕೇಳಿದಳು ಸುಲಭಾ. ಗಲ್ಲಿಯ ತಗ್ಗಿನ ತುದಿಯ ಮನೆ ಅವಳದು. ಸಾವಂತ್ರವ್ವನ ಜೊತೆ ಅವಳದು ಹಳೆಯ ಒಡನಾಟ. ಇವಳು ಅವಳಿಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದ್ದಳು, ಅವಳು ಇವಳಿಗೆ ಬ್ಯಾಂಕಿನ ಚೀಟಿ ತುಂಬುವುದನ್ನು.

“ಹೋಗುತ್ತವೆ” ಎಂದರು ಎಲ್ಲರೂ.

ಯಾರೂ ಬೇಡ ಎನ್ನಲಿಲ್ಲ. ಹೊಳಬಸಪ್ಪ ಮನಸ್ಸಿಟ್ಟು ಕೆಲಸ ಮಾಡಿಸಿದ. ಬ್ಲಾಕುಗಳು ಕುಸಿಯಬಾರದೆಂದು ಕೆಳಗೆ ಕಾಂಕ್ರೀಟು ಹಾಕಿಸಿದ, ಸಂದಿಗಳಿಗೆ ಸಿಮೆಂಟು ತುಂಬಿಸಿದ. ಬೇವಿನ ಬುಡದವರೆಗೂ ಬ್ಲಾಕು. ಗಲ್ಲಿ ತೊಳೆದ ತಟ್ಟೆಯಂತಾಯಿತು. ಹೆಂಗಸರು ಅಲ್ಲಿಯೇ ಕೂತು ಶಾವಿಗೆ ಒಣಹಾಕಿದರು.

ಏಪ್ರಿಲ್‌ನಲ್ಲಿ ಮಾತ್ರ ಮನೆಯೊಳಗೆ ಕೂರಲಾಗದಷ್ಟು ಸೆಕೆಯಾಯಿತು. ಸಂಜೆ ಹೊರಗೆ ಬಂದರೆ ಕಾಲಡಿಯ ಬ್ಲಾಕು ಇನ್ನೂ ಬಿಸಿ. “ಈ ವರ್ಷ ಬ್ಯಾಸಗಿ ಭಾಳ ಅದ” ಎಂದುಕೊಂಡಳು ಸಾವಂತ್ರವ್ವ. ಯಾಕೆ ಎಂದು ಯಾರೂ ಕೇಳಲಿಲ್ಲ.

ಜುಲೈ ತಿಂಗಳಲ್ಲಿ ಒಂದು ಮಧ್ಯಾಹ್ನ ಮಳೆ ಹಿಡಿಯಿತು. ಸುಲಭಾ ಔಷಧಿ ತರಲು ಚಿಂಚವಡಕ್ಕೆ ಹೋಗಿದ್ದಳು. ಹೋಗುವಾಗ ಸಾವಂತ್ರವ್ವನನ್ನು ಅತ್ತಿಗೆ ಎಂದು ಕರೆದು, “ವಹಿನಿ, ಅತ್ತೆ ಒಬ್ಬರೇ ಇದ್ದಾರೆ, ಸ್ವಲ್ಪ ನೋಡುತ್ತಿರಿ” ಎಂದು ಹೇಳಿ ಹೋಗಿದ್ದಳು. ಅವಳ ಅತ್ತೆ ಗೋದಾ ಆಜಿಗೆ ಸೊಂಟದ ನೋವು. ತಾನಾಗಿ ಎದ್ದು ನಡೆಯಲಾಗದು. ಕೆಳಗಿನ ಕೋಣೆಯ ಕಿಟಕಿಯ ಬಳಿ ಅವಳ ಮಂಚ.

ಮಳೆ ಕಡಿಮೆಯಾಗಲಿಲ್ಲ. ಸಾವಂತ್ರವ್ವ ಛತ್ರಿ ಹಿಡಿದು ಹೊರಟಳು. ತಗ್ಗಿನ ತುದಿಗೆ ಬರುವಷ್ಟರಲ್ಲಿ ನೀರು ಅವಳ ಮೀನಖಂಡಕ್ಕೆ ಬಂದಿತ್ತು. ಸುಲಭಾಳ ಮನೆ ಬಾಗಿಲ ಕೆಳಗಿನಿಂದ ನೀರು ಒಳಗೆ ಹರಿಯುತ್ತಿತ್ತು. ಗಟಾರದ ಹೊಲಸೂ ಅದರೊಳಗೇ. ಒಳಗೆ ಗೋದಾ ಆಜಿ ಮಂಚದ ಮೇಲೆ ಕಾಲು ಮಡಚಿಕೊಂಡು, ಎರಡೂ ಕೈಯಲ್ಲಿ ಕಿಟಕಿಯ ಸರಳು ಹಿಡಿದು ಕೂತಿದ್ದಳು.

“ನದೀ ಆಲೀ ಕಾ ಗ?” ಎಂದಳು ಮುದುಕಿ. ನದಿ ಬಂತೇನೆ ಎಂದು.

1961ರಲ್ಲಿ, ಪುಣೆಯ ಮೇಲಿನ ಪಾನಶೇತ್ ಅಣೆಕಟ್ಟು ಒಡೆದ ವರ್ಷ, ಅವಳು ಹೊಳೆದಂಡೆಯ ಪೇಟೆಯಲ್ಲಿದ್ದವಳು. ಆಗ ಮನೆಯೂ ಹೋಗಿತ್ತು, ಓಣಿಯೂ ಹೋಗಿತ್ತು. ನದಿಯಿಂದ ಇಷ್ಟು ದೂರ ನಿಗಡಿಗೆ ಬಂದು ಮುದುಕಿ ನೆಮ್ಮದಿಯಾಗಿದ್ದಳು.

“ನದಿ ಅಲ್ಲ ಆಜಿ, ಮಳಿನೀರು” ಎಂದು ಸಾವಂತ್ರವ್ವ ಅವಳನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿಸಿದಳು. ಮುದುಕಿಗೆ ಅಂದೇ ಜ್ವರ ಬಂತು. ಜ್ವರ ಇಳಿದರೂ ಅವಳು ಕೆಳಗೆ ಇಳಿಯಲಿಲ್ಲ. ಮೇಲಿನ ಕೋಣೆಯಲ್ಲೇ ಮಲಗಿ, ಎಲ್ಲಾದರೂ ನಲ್ಲಿ ಹರಿದ ಸದ್ದಾದರೆ ಸಾಕು, “ಬಂತಾ?” ಎಂದು ಕೇಳುತ್ತಿದ್ದಳು.

ಇಷ್ಟು ವರ್ಷ ಬಾರದ ನೀರು ಈಗ ಯಾಕೆ ಬಂತು? ಗಲ್ಲಿಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಮೋಡವೇ ಒಡೆದಿತ್ತು ಎಂದರು ಒಬ್ಬರು. ಹಿಂದಿನ ರಸ್ತೆ ಎತ್ತರಿಸಿದ್ದೇ ಕಾರಣ ಎಂದರು ಪ್ರಲ್ಹಾದರಾವ್. ಗಟಾರ ಕಟ್ಟಿಕೊಂಡಿದೆ, ಪ್ಲಾಸ್ಟಿಕ್ ಚೀಲ ಎಸೆಯುವವರಿಗೆ ಬುದ್ಧಿ ಬೇಕು ಎಂದ ಹೊಳಬಸಪ್ಪ.

ಸುಲಭಾ ಎಲ್ಲರ ಎದುರಿಗೆ ಹೇಳಿಬಿಟ್ಟಳು, “ಬ್ಲಾಕ್ ಹಾಕುವ ಮುಂಚೆ ಬಂದಿರಲಿಲ್ಲ. ಹಾಕಿದ ಮೇಲೆ ಬಂತು.”

ಹೊಳಬಸಪ್ಪನ ಮುಖ ಗಂಟಾಯಿತು. “ನಾನೊಬ್ಬನೇ ಹಾಕಿಸಿಕೊಂಡೆನಾ? ಹಾಕಿ ಎಂದವರು ನೀವೆಲ್ಲ” ಎಂದು ಎದ್ದು ಬಂದ.

ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಸಾವಂತ್ರವ್ವ ಪಲ್ಯ ಕಳಿಸಿದರೆ ಡಬ್ಬಿ ಮುಚ್ಚಳ ತೆರೆಯದೆ ಮರಳಿ ಬಂತು. ಅವಳಿಗೆ ರಾತ್ರಿ ಊಟ ಸೇರಲಿಲ್ಲ. ಗಂಡನ ಮಾತು ಖರೆಯೋ, ಗೆಳತಿಯ ಮಾತು ಖರೆಯೋ?

“ರೀ, ಖರೇನs ಬ್ಲಾಕಿಂದ ಬಂದಿದ್ರ?” ಎಂದಳು.

“ಕಲ್ಲು ನೀರ ತರ್ತದೇನs? ನೀರ ಮ್ಯಾಲಿಂದ ಬರ್ತದ. ತಿಳೀಲಾರದ ಮಾತ ಆಡಬ್ಯಾಡ.”

ಒಂದು ದಿನ ತರಕಾರಿ ಮಾರುವ ಭಾಜಿ ಮಂಡಿಯ ಹೊರಗೆ ಹಗ್ಗಕ್ಕೆ ಕಟ್ಟಿದ ಬಟ್ಟೆಯ ಬೋರ್ಡು ಕಂಡಿತು. ‘ಶಹರ, ಪಾವೂಸ ಆಣಿ ಆಪಣ’. ಅಂದರೆ ಪಟ್ಟಣ, ಮಳೆ ಮತ್ತು ನಾವು. ಮೂರು ಶನಿವಾರ ವ್ಯಾಖ್ಯಾನಮಾಲೆ ಎಂಬ ಉಪನ್ಯಾಸಗಳು, ಎಲ್ಲರಿಗೂ ಪ್ರವೇಶ. ಪುಣೆಯಲ್ಲಿ ವ್ಯಾಖ್ಯಾನಗಳಿಗೇನು ಕಡಿಮೆ? ಆದರೆ ಸಾವಂತ್ರವ್ವ ಒಂದಕ್ಕೂ ಹೋದವಳಲ್ಲ. ಅದೆಲ್ಲ ಕಲಿತವರಿಗೆ ಎಂದುಕೊಂಡಿದ್ದಳು. ಈ ಸಲ ‘ಪಾವೂಸ’ ಎಂಬ ಒಂದು ಶಬ್ದ ಅವಳನ್ನು ನಿಲ್ಲಿಸಿತು. ಕಾಲೇಜಿಗೆ ಹೋಗುವ ಮಗಳು ಶೈಲಶ್ರೀಯನ್ನು ಜೊತೆಗೆ ಕರೆದುಕೊಂಡು ಹೊರಟಳು.

ಮೊದಲ ಶನಿವಾರದ ಸಾಹೇಬರು ಮರಾಠಿಯಲ್ಲಿ ನಮಸ್ಕಾರ ಹೇಳಿ ಉಳಿದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದರು. ಪರದೆಯ ಮೇಲೆ ಪುಣೆಯ ನಕಾಶೆ ಬಂತು. ಅದರ ತುಂಬ ಕೆಂಪು ಕಲೆ.

“ಎಲ್ಲೆಲ್ಲಿ ಬೆಂಕಿ ಬಿದ್ದದ?” ಎಂದು ಪಿಸುಗುಟ್ಟಿದಳು ಸಾವಂತ್ರವ್ವ.

“ಬೆಂಕಿ ಅಲ್ಲ ಅವ್ವಾ. ಅಲ್ಲೆಲ್ಲಾ ಸಿಮೆಂಟ ತುಂಬೇದ, ಸೆಕಿ ಜಾಸ್ತಿ ಅಂತ.”

“ನಮ್ಮ ಗಲ್ಲಿ ಎಲ್ಲದ ಅದರಾಗ?”

“ಕಾಣವಲ್ದು.”

“ಅವರು ಘಳಿಗಿಗೊಮ್ಮೆ ರಿಸಿಲಿಯನ್ಸ್ ಅಂತಾರಲ್ಲ, ಹಂಗಂದ್ರ ಏನು?”

ಶೈಲಶ್ರೀ ಯೋಚಿಸಿದಳು. “ಡಿಕ್ಷನರಿ ನೋಡಬೇಕ” ಎಂದಳು.

ಕೊನೆಗೆ ತಿಳಿದದ್ದು ಒಂದೇ ಮಾತು. ಮಳೆನೀರನ್ನು ಹೊರಗೆ ಬಿಡಬೇಡಿ, ಬಿದ್ದಲ್ಲೇ ಹಿಡಿದಿಡಿ. ಸಾವಂತ್ರವ್ವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಹಿಡಿದಿಟ್ಟರೆ ಸುಲಭಾಳ ಮನೆ ಮುಳುಗುವುದಿಲ್ಲವೇ?

ಎರಡನೆಯ ಶನಿವಾರ ಇನ್ನೊಬ್ಬ ಸಾಹೇಬರು. ಒಳ್ಳೆಯ ಮರಾಠಿ, ಗಟ್ಟಿ ದನಿ. ಮಳೆನೀರನ್ನು ನಿಲ್ಲಗೊಡಬೇಡಿ, ಆದಷ್ಟು ಬೇಗ ಹೊರಗೆ ಹೋಗಲು ದಾರಿ ಮಾಡಿಕೊಡಿ, ನಾಲೆ ಮುಚ್ಚಬೇಡಿ, ಮನೆಯ ಅಡಿಪಾಯ ಎತ್ತರಿಸಿ ಎಂದರು. ಜನ ಚಪ್ಪಾಳೆ ತಟ್ಟಿದರು. ಸಾವಂತ್ರವ್ವನೂ ತಟ್ಟಿದಳು, ಆಮೇಲೆ ಕೈ ನಿಲ್ಲಿಸಿದಳು. ಹೋದ ವಾರದವರು ಹಿಡಿದಿಡಿ ಎಂದರು. ಇವರು ಹೊರಗೆ ಹಾಕಿ ಎನ್ನುತ್ತಾರೆ.

ಮನೆಗೆ ಬಂದು ಹೇಳಿದರೆ ಹೊಳಬಸಪ್ಪ ನಕ್ಕುಬಿಟ್ಟ.

“ನೋಡು, ಅವರವರಿಗೇ ಒಮ್ಮತ ಇಲ್ಲ. ದೊಡ್ಡ ದೊಡ್ಡ ಕಾಲೇಜ ಕಲತಾವ್ರು. ಒಬ್ಬ ಹಿಡೀರಿ ಅಂತಾನ, ಒಬ್ಬ ಬಿಡ್ರಿ ಅಂತಾನ. ನೀ ಮನ್ಯಾಗ ಕುಂತು ಮೊದಲಿನಂಗ ಸುಖವಾಗಿರು.”

“ಮೊದಲಿನಂಗ ಎಲ್ಲದ ರೀ? ಸುಲಭಾತಾಯಿ ನನ್ನ ಮಾರಿ ನೋಡವಲ್ಲಳು.”

ಹೊಳಬಸಪ್ಪ ಎದ್ದು ಕೈ ತೊಳೆಯಲು ಹೋದ.

ಮೂರನೆಯ ಶನಿವಾರ ಶೈಲಶ್ರೀಗೆ ಪರೀಕ್ಷೆ. ಸಾವಂತ್ರವ್ವ ಹೋಗುವುದೋ ಬಿಡುವುದೋ ಎಂದು ಬಾಗಿಲವರೆಗೆ ಬಂದಳು, ಒಳಗೆ ಹೋದಳು, ಮತ್ತೆ ಬಂದಳು. ಇನ್ನೊಂದು ಮಾತು ಕೇಳಿ ಇನ್ನಷ್ಟು ಗೊಂದಲ ಯಾಕೆ? ಆದರೂ ಕಾಲು ಅತ್ತಲೇ ನಡೆದವು.

ಅಂದು ಮಾತಾಡಿದವರು ರಂಜನಾ ಎಂಬುವರು. ಕಟ್ಟಡಗಳ ಸುತ್ತಿನ ನೆಲ, ಮರ, ನೀರು ಹೇಗಿರಬೇಕೆಂದು ಯೋಜನೆ ಮಾಡಿಕೊಡುವ ಕೆಲಸ ಅವರದು. ಪರದೆಯ ಮೇಲೆ ಮೊದಲ ಚಿತ್ರ ಬಂತು, ಎರಡನೆಯದು ಬಂತು, ಅಷ್ಟರಲ್ಲಿ ಕರೆಂಟು ಹೋಯಿತು. ಆ ವರ್ಷಗಳ ಲೋಡ್‌ಶೆಡಿಂಗ್ ಯಾರಿಗೆ ಗೊತ್ತಿಲ್ಲ? ಹೋಯಿತೆಂದರೆ ತಾಸುಗಟ್ಟಲೆ. ಹಿಂದಿನ ಸಾಲಿನವರು ಏಳತೊಡಗಿದರು. ಯಾರೋ ಮೇಣದಬತ್ತಿ ಹುಡುಕಲು ಓಡಿದರು.

“ಚಿತ್ರ ಹೋದವು, ನಾನು ಇಲ್ಲೇ ಇದ್ದೇನೆ” ಎಂದರು ರಂಜನಾ ಮರಾಠಿಯಲ್ಲಿ. “ಕೂತುಕೊಳ್ಳಿ. ನಾನು ಹೇಳುವುದು ಬಿಡಿ. ನಿಮ್ಮ ಮನೆ ಅಂಗಳದ ಮಾತು ಹೇಳಿ.”

ಕತ್ತಲಲ್ಲಿ ತನ್ನ ಮುಖ ಯಾರಿಗೂ ಕಾಣದು ಎಂಬ ಧೈರ್ಯಕ್ಕೋ ಏನೋ, ಸಾವಂತ್ರವ್ವ ಎದ್ದು ನಿಂತಳು.

“ಬಾಯಿ, ಮಾಝಾ ಏಕ ಪ್ರಶ್ನ ಆಹೇ” ಎಂದಳು, ನನ್ನದೊಂದು ಪ್ರಶ್ನೆ ಇದೆ ಎಂದು. ಅಷ್ಟು ಹೇಳುವಷ್ಟರಲ್ಲಿ ಅವಳ ಮರಾಠಿ ಮುಗಿದುಹೋಯಿತು. ದಿನಾ ಸಂತೆಯಲ್ಲಿ ಆಡುವ ಮಾತು ಸಭೆಯಲ್ಲಿ ಬಾಯಿಗೆ ಬರಲಿಲ್ಲ. “ಅದು, ನೀರು, ನಮ್ಮ ಬಾಜೂಕ...” ಎಂದು ತೊದಲಿದಳು.

ವೇದಿಕೆಯ ಕಡೆಯಿಂದ ರಂಜನಾ ಅವರ ದನಿ ಬಂತು. “ಕನ್ನಡದಾಗs ಹೇಳ್ರಿ ಅವ್ವಾರ. ನಾ ಬೆಳಗಾವಿಯಾಕಿ. ಇವರಿಗೆ ಮರಾಠಿಯೊಳಗ ನಾ ಹೇಳ್ತೀನಿ.”

ಸಾವಂತ್ರವ್ವ ಈಗ ತಡೆಯಿಲ್ಲದೆ ಹೇಳತೊಡಗಿದಳು.

“ಮೊದಲ ವಾರದ ಸಾಹೇಬ್ರು ನೀರ ಹೊರಗ ಬಿಡಬ್ಯಾಡ್ರಿ, ಹಿಡಿದಿಡ್ರಿ ಅಂದ್ರು. ಹೋದ ವಾರದವ್ರು ಲಗೂನ ಹೊರಗ ಹಾಕ್ರಿ ಅಂದ್ರು. ನಾ ಯಾರ ಮಾತ ಕೇಳ್ಲಿ? ನಮ್ಮ ಬಾಜೂ ಮನ್ಯಾಗ ನೀರ ಹೊಕ್ಕದರಿ. ಮುದುಕಿ ಒಬ್ಬಾಕಿ ಅಂಜಿ ಮ್ಯಾಲಿನ ಮೆತ್ತ ಬಿಟ್ಟು ಇಳೀವಲ್ಲಳು. ನಮ್ಮ ಮನ್ಯಾವ್ರು ಹಾಕಿದ ಬ್ಲಾಕಿಂದ ಬಂತು ಅಂತಾಳ ಆ ಮನ್ಯಾಕಿ. ಅಲ್ಲ ಅಂತಾರ ನಮ್ಮವ್ರು. ನಂಗಂತೂ ಏನೂ ತಿಳೀವಲ್ದು.”

ರಂಜನಾ ಅದನ್ನು ಮರಾಠಿಯಲ್ಲಿ ಸಭೆಗೆ ಹೇಳಿದರು. ಯಾರೂ ನಗಲಿಲ್ಲ. “ನಮ್ಮಲ್ಲೂ ಹಾಗೇ ಆಗಿದೆ” ಎಂದು ಕತ್ತಲಲ್ಲಿ ಒಬ್ಬರು ಅಂದರು. “ನಮಗೂ ಅದೇ ಗೊಂದಲ” ಎಂದರು ಇನ್ನೊಬ್ಬರು. ಸಾವಂತ್ರವ್ವನಿಗೆ ಆಶ್ಚರ್ಯ. ಚಪ್ಪಾಳೆ ತಟ್ಟಿದವರಿಗೂ ತಿಳಿದಿರಲಿಲ್ಲವೇ?

“ಇಬ್ಬರೂ ಖರೇನs ಹೇಳ್ಯಾರ್ರಿ” ಎಂದರು ರಂಜನಾ. “ಒಬ್ಬರು ಸಣ್ಣ ಮಳಿ ಮಾತ ಹೇಳ್ಯಾರ. ಒಬ್ಬರು ದೊಡ್ಡ ಮಳಿ ಮಾತ ಹೇಳ್ಯಾರ. ಸಣ್ಣ ಮಳಿ ಬಂದ್ರ ಮಣ್ಣಿಗೆ ಕುಡೀಲಿಕ್ಕೆ ಕೊಡ್ರಿ. ದೊಡ್ಡ ಮಳಿ ಬಂದ್ರ ಮಣ್ಣು ಕುಡದು ಉಳಿದದ್ದಕ್ಕ ಹೋಗ್ಲಿಕ್ಕೆ ದಾರಿ ಇಡ್ರಿ. ಎರಡೂ ಬೇಕು. ಒಂದs ಮಾಡಿದ್ರ ಸಾಲೂದಿಲ್ಲ.”

“ಮತ್ತ ನಮ್ಮ ಗಲ್ಲ್ಯಾಗ ಯಾವುದು ತಪ್ಪೇದ?”

“ನಾ ನೋಡಿಲ್ಲ. ನೋಡದs ಹೇಳೂದಿಲ್ಲ. ನಿಮ್ಮ ಮಾಳಿಗಿ ಪೈಪಿನ ನೀರ ಎಲ್ಲಿ ಬೀಳ್ತದ?”

“ಗೊತ್ತಿಲ್ರಿ.”

“ಬ್ಲಾಕಿನ ಕೆಳಗ ಉಸುಕು ಅದನೋ ಕಾಂಕ್ರೀಟೋ?”

“ನಮ್ಮವ್ರನ್ನ ಕೇಳಬೇಕು.”

“ಮೊದಲ ಮಳಿನೀರ ಯಾವ ಕಡೆಯಿಂದ ಹೊರಗ ಹೋಗ್ತಿತ್ತು?”

ಅಷ್ಟು ವರ್ಷ ಅಲ್ಲೇ ಇದ್ದೂ ಸಾವಂತ್ರವ್ವನಿಗೆ ಅದು ಗೊತ್ತಿರಲಿಲ್ಲ.

“ಮಳಿ ಜೋರ ಬಂದಾಗ ಹೊರಗ ನಿಂತು ನೋಡೀರೇನು?”

“ಇಲ್ರಿ. ಮಳಿ ಬಂದ್ರ ಬಾಗಿಲ ಹಾಕ್ಕೋತೀವಿ.”

“ಎಲ್ಲಾರೂ ಹಂಗs ಮಾಡ್ತೀವಿ. ಅದಕ್ಕs ನೀರಿನ ದಾರಿ ಯಾರಿಗೂ ಗೊತ್ತಿರೂದಿಲ್ಲ. ಮುಂದಿನ ಮಳಿಗೆ ಛತ್ರಿ ಹಿಡದು ಹೊರಗ ನಿಂದರ್ರಿ. ನಿಮ್ಮ ಮಾಳಿಗಿ ನೀರು ಎಲ್ಲಿಂದ ಎಲ್ಲಿಗೆ ಹೋಗ್ತದ, ಅದರ ಹಿಂದs ಹೋಗ್ರಿ. ಆಮ್ಯಾಲ ನನಗ ಕರೀರಿ, ನಾ ಬರ್ತೀನಿ. ನಿಮ್ಮವ್ರನ್ನೂ ಜೋಡಿ ನಿಲ್ಲಸ್ಕೊಳ್ರಿ.”

ಅಂದು ಪ್ರಶ್ನೆಗಳು ಮುಗಿಯಲೇ ಇಲ್ಲ. ಕರೆಂಟು ಬಂದರೂ ಯಾರೂ ಚಿತ್ರ ಹಾಕಿ ಎನ್ನಲಿಲ್ಲ.

ಮಳೆ ಬರಲು ಹೆಚ್ಚು ದಿನ ಕಾಯಬೇಕಾಗಲಿಲ್ಲ. ಒಂದು ಭಾನುವಾರ ಮುಂಜಾನೆ ಸುರಿಯತೊಡಗಿತು. ಹೊಳಬಸಪ್ಪ ಚಹಾ ಕುಡಿಯುತ್ತಿದ್ದ.

“ಬರ್ರಿ ಹೊರಗ” ಎಂದಳು ಸಾವಂತ್ರವ್ವ.

“ಇಂಥಾ ಮಳ್ಯಾಗ?”

“ಗಟಾರ ಕಟ್ಟೇದ ಅಂತೀರಲ್ಲ. ಗಟಾರ ಬಿಡಿಸಿ ತೋರಸ್ರಿ. ನೀವು ಹೇಳಿದ್ದು ಖರೆ ಇದ್ರ ಸುಲಭಾತಾಯಿಗೆ ನಾನs ಹೇಳ್ತೀನಿ.”

ಈ ಮಾತು ಅವನಿಗೆ ಹಿಡಿಸಿತು. ಲುಂಗಿ ಎತ್ತಿ ಕಟ್ಟಿ ಹೊರಟ. ಗೇಟಿನ ಬಳಿಯ ಗಟಾರದ ಜಾಳಿಗೆಗೆ ಪ್ಲಾಸ್ಟಿಕ್ ಚೀಲ, ಬೇವಿನ ಎಲೆ ಸಿಕ್ಕಿದ್ದವು. ಕೈಯಿಂದಲೇ ಎಳೆದು ತೆಗೆದ. ನೀರು ಗಳಗಳ ಇಳಿಯಿತು. “ನೋಡಿದಿ?” ಎಂದ.

“ನೋಡಿದೆ. ನಿಮ್ಮ ಮಾತೂ ಖರೆ. ಈಗ ಬರ್ರಿ, ನಮ್ಮ ಮಾಳಿಗಿ ಪೈಪ ನೋಡೂಣು.”

ಇಬ್ಬರೂ ತಮ್ಮ ಮನೆಯ ಪೈಪಿನ ಬಳಿ ನಿಂತರು. ಮಾಳಿಗೆಯ ನೀರೆಲ್ಲ ಅಲ್ಲಿಂದ ಧಾರೆಯಾಗಿ ಬ್ಲಾಕುಗಳ ಮೇಲೆ ಬೀಳುತ್ತಿತ್ತು. ಎದುರಿನ ಮನೆಯ ಪೈಪೂ ಹಾಗೇ, ಅದರಾಚೆಯದೂ ಹಾಗೇ. ಒಂದು ಹನಿಯೂ ನೆಲದೊಳಗೆ ಇಳಿಯುತ್ತಿರಲಿಲ್ಲ. ನೀರಿನ ಮೇಲೆ ಬೇವಿನ ಎಲೆಗಳು ತೇಲುತ್ತಿದ್ದವು. ಅವುಗಳ ಹಿಂದೆ ಗಂಡಹೆಂಡತಿ ನಡೆದರು. ಸ್ವಲ್ಪ ಎಲೆ ಗಟಾರದ ಕಡೆ ತಿರುಗಿದವು. ಗಟಾರ ತೆರೆದೇ ಇತ್ತು, ಆದರೆ ಅಷ್ಟೂ ನೀರನ್ನು ಅದು ನುಂಗಲಾರದು. ಉಳಿದ ನೀರು ಗೋಡೆಯ ಬದಿಗೆ, ಹಳೆಯ ಕಾಲುವೆ ಇದ್ದಲ್ಲಿಗೆ ಹೋಯಿತು. ಅಲ್ಲಿ ಕಾಲುವೆ ಇರಲಿಲ್ಲ. ಕೆಂಪು ಬ್ಲಾಕುಗಳ ಮೇಲೆ ಜಾರಿ, ಗೋಡೆಗುಂಟ ಓಡಿ, ನೆಟ್ಟಗೆ ಸುಲಭಾಳ ಮೆಟ್ಟಿಲಿಗೆ ಬಡಿಯಿತು.

ಸುಲಭಾ ಬಾಗಿಲಲ್ಲಿ ನಿಂತು ಕಸಬರಿಗೆಯಿಂದ ನೀರು ಹೊರಗೆ ನೂಕುತ್ತಿದ್ದಳು. ಇವರನ್ನು ನೋಡಿದಳು. ನೂಕುವುದನ್ನು ನಿಲ್ಲಿಸಲಿಲ್ಲ. ಮೇಲಿನಿಂದ ಮುದುಕಿಯ ದನಿ ಕೇಳುತ್ತಿತ್ತು. “ಬಂತಾ ಸುಲಭಾ? ಎಷ್ಟು ಬಂತು?”

ಹೊಳಬಸಪ್ಪ ಛತ್ರಿಯನ್ನು ಹೆಂಡತಿಯ ಕೈಗೆ ಕೊಟ್ಟ. ಅಂಗಡಿಯ ಉಸುಕಿನ ಚೀಲಗಳನ್ನು ಟೆಂಪೋದಲ್ಲಿ ತಂದು ಸುಲಭಾಳ ಬಾಗಿಲ ಮುಂದೆ ತಾನೇ ಪೇರಿಸಿದ. ಮೈಯೆಲ್ಲ ತೊಯ್ದು ತೊಪ್ಪೆಯಾಗಿತ್ತು. ಮನೆಗೆ ಬಂದು ತಲೆ ಒರೆಸಿಕೊಂಡ.

“ನಾ ಇಳಿಜಾರ ಗಟಾರದ ಕಡೇನs ಮಾಡಿದ್ದೆ” ಎಂದ. “ಮೊದಲ ಅರ್ಧ ನೀರ ಮಣ್ಣು ಕುಡೀತಿತ್ತು, ಅರ್ಧ ಕಾಲಿವ್ಯಾಗ ಹೋಗ್ತಿತ್ತು ಅನ್ನೂದು ನನ್ನ ತಲ್ಯಾಗ ಬರಲಿಲ್ಲ. ಎರಡೂ ನಾನs ಮುಚ್ಚೀನಿ.”

“ಎಲ್ಲಾರೂ ಮುಚ್ಚ್ರಿ ಅಂದಿದ್ರು.”

“ಹಾಕಿದಾಂವ ನಾನು. ಇದನ್ನ ಒಪ್ಪಿಕೊಂಡ್ರ ನಾಳೆ ನನ್ನ ಅಂಗಡಿಗೆ ಯಾರ ಬರ್ತಾರ? ಬ್ಲಾಕ ಹಾಕಿದ್ರ ಮನಿ ಮುಳಗ್ತದ ಅಂತ ಊರ ತುಂಬ ಆಗ್ತದ.”

ಸಾವಂತ್ರವ್ವನಿಗೂ ಅದೇ ಭಯ. ಆ ಅಂಗಡಿಯಿಂದಲೇ ಮನೆ ನಡೆಯುವುದು. ಸುಳ್ಳು ಸಮಾಧಾನ ಹೇಳಲು ಅವಳಿಗೆ ಬರಲಿಲ್ಲ.

“ಅದು ನಂಗೂ ತಿಳೀವಲ್ದು ರೀ” ಎಂದಳು. “ರಂಜನಾಬಾಯಿಯವ್ರನ್ನ ಕರಿಯೂಣು. ಅವ್ರನ್ನs ಕೇಳ್ರಿ.”

ರಂಜನಾ ಬಂದರು. ಗಲ್ಲಿಯಲ್ಲಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನಡೆದು ನೋಡಿದರು. ಬೇವಿನ ಬುಡದಲ್ಲಿ ಕೂತು ಸಿಮೆಂಟು ಮುಟ್ಟಿ ನೋಡಿದರು. ಹೊಳಬಸಪ್ಪ ಕೈಕಟ್ಟಿ ನಿಂತಿದ್ದ.

“ನಿಮ್ಮ ಕೆಲಸ ಕಚ್ಚಾ ಅಲ್ಲ” ಎಂದರು. “ಬ್ಲಾಕ ಕೆಟ್ಟದ್ದೂ ಅಲ್ಲ. ನಡಿಯೂ ದಾರಿಗೆ, ಗಾಡಿ ನಿಲ್ಲೂ ಜಾಗಕ್ಕ ಇರ್ಲಿ. ಆದ್ರ ಕೆಳಗಿನ ಕಾಂಕ್ರೀಟ ತಗದು ಮುರುಮ ಮಣ್ಣು, ಜಲ್ಲಿ ಖಡಿ, ಉಸುಕು ಹಾಕ್ರಿ. ಸಂದಿಗೆ ಸಿಮೆಂಟ ಬ್ಯಾಡ, ಉಸುಕು ಸಾಕು. ಗಿಡದ ಬುಡಕ್ಕ, ಗ್ವಾಡಿ ಬಾಜೂಕ ಮಣ್ಣು ಬಿಡ್ರಿ. ಆ ಹಳೀ ಕಾಲಿವಿ ತಗೀರಿ. ಮಾಳಿಗಿ ಪೈಪ ಅದಕ್ಕs ಹಚ್ಚ್ರಿ.”

“ಹಂಗ ಮಾಡಿದ್ರ ನೀರೆಲ್ಲಾ ಭೂಮಿ ಒಳಗ ಹೋಗ್ತದನ್ರಿ?”

“ಎಲ್ಲಾ ಹೋಗೂದಿಲ್ಲ. ನಿಮ್ಮ ಕೆಳಗ ಸ್ವಲ್ಪ ಆಳಕ್ಕs ಬಂಡಿಗಲ್ಲು ಅದ. ಕುಡಿಯೂವಷ್ಟು ಕುಡೀತದ, ಉಳದದ್ದು ಕಾಲಿವ್ಯಾಗ ಹರದು ಗಲ್ಲಿ ಹಿಂದಿನ ನಾಲಾಕ್ಕ ಹೋಗ್ತದ. ಅದಕ್ಕs ಗಟಾರ ಸ್ವಚ್ಛ ಇಡೂದೂ ಬೇಕು. ನೀವು ಹೇಳಿದ್ದೂ ಸುಳ್ಳಲ್ಲ.”

ಪ್ರಲ್ಹಾದರಾವ್ ಸೊಳ್ಳೆಯ ಮಾತು ತೆಗೆದರು. ಹರಿಯುವ ನೀರಿನಲ್ಲಿ ಸೊಳ್ಳೆ ಮರಿ ಮಾಡುವುದಿಲ್ಲ, ವಾರಗಟ್ಟಲೆ ನಿಂತ ನೀರಿನಲ್ಲಿ ಮಾಡುತ್ತದೆ, ಕಾಲುವೆಗೆ ಸರಿಯಾದ ಇಳಿಜಾರು ಕೊಟ್ಟು ಹುಲ್ಲುಕಸ ತೆಗೆಯುತ್ತಿರಿ ಎಂದರು ರಂಜನಾ. ಪ್ರಲ್ಹಾದರಾವ್ ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ, “ಒಂದು ಮಳೆ ನೋಡೋಣ” ಎಂದರು.

ಮೊದಲ ಬ್ಲಾಕನ್ನು ಹೊಳಬಸಪ್ಪನೇ ಹಾರೆಯಿಂದ ಎಬ್ಬಿಸಿದ. ಸುಲಭಾಳ ಮನೆಯ ಮುಂದಿನಿಂದಲೇ ಶುರುಮಾಡಿದ. ತಾನು ಗಟ್ಟಿಯಾಗಿ ಹಾಕಿಸಿದ ಕಾಂಕ್ರೀಟು ಒಡೆಯಲು ಬಹಳ ಕಷ್ಟವಾಯಿತು. ಮಧ್ಯಾಹ್ನ ಸುಲಭಾ ಒಳಗಿನಿಂದ ನೀರಿನ ತಂಬಿಗೆ ತಂದು ಕಟ್ಟೆಯ ಮೇಲಿಟ್ಟಳು. ಸಾವಂತ್ರವ್ವ ಅಲ್ಲೇ ಮಣ್ಣು ಎತ್ತುತ್ತಿದ್ದಳು.

“ವಹಿನಿ” ಎಂದಳು ಸುಲಭಾ. “ಅವತ್ತು ನೀವು ಅತ್ತೆಯನ್ನು ಹೊತ್ತುಕೊಂಡು ಹೋಗದಿದ್ದರೆ ಏನಾಗುತ್ತಿತ್ತೋ. ನಾನು ಅದನ್ನೂ ನೆನೆಯಲಿಲ್ಲ.”

“ನಂಗೂ ಯಾರದು ಖರೆ ಅಂತ ತಿಳೀಲಿಲ್ಲ ತಾಯಿ. ತಿಳೀದೇನs ಇಷ್ಟ ದಿನ ಹೋತು.”

ಇಬ್ಬರೂ ಬುಟ್ಟಿಯ ಎರಡು ಕಿವಿ ಹಿಡಿದು ಮಣ್ಣು ಸಾಗಿಸಿದರು.

ಅಕ್ಟೋಬರದಲ್ಲಿ ಹಿಂದಿರುಗುವ ಮಳೆ ಗುಡುಗಿನೊಡನೆ ಬಂತು. ಜುಲೈ ಮಳೆಗೇನೂ ಕಡಿಮೆ ಇರಲಿಲ್ಲ. ಈ ಸಲ ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಗಲ್ಲಿಯವರೆಲ್ಲ ಛತ್ರಿ ಹಿಡಿದು ಹೊರಗೆ ನಿಂತರು. ಕಾಲುವೆ ತುಂಬಿ ಹರಿಯಿತು. ಬೇವಿನ ಬುಡ ಗುಟುಗುಟು ಕುಡಿಯಿತು. ನೀರು ಸುಲಭಾಳ ಮೊದಲ ಮೆಟ್ಟಿಲಿಗೆ ಬಂದು, ಸ್ವಲ್ಪ ಹೊತ್ತು ನಿಂತು, ಇಳಿದು ಹೋಯಿತು. ಒಳಗೆ ಬರಲಿಲ್ಲ.

ಎಲ್ಲವೂ ನೆಟ್ಟಗಾಯಿತು ಎಂದು ಹೇಳಲಾರೆವು. ಗೋಡೆಯ ಬದಿಗೆ ಈಗ ಮತ್ತೆ ತುಸು ಕೆಸರಾಗುತ್ತದೆ, ಪ್ರಲ್ಹಾದರಾವ್ ಈಗಲೂ ಗೊಣಗುತ್ತಾರೆ. ಹೊಳಬಸಪ್ಪ ಗಿರಾಕಿಗಳಿಗೆ ಮೊದಲು, “ನಿಮ್ಮ ಅಂಗಳದ ನೀರು ಎಲ್ಲಿಗೆ ಹೋಗುತ್ತದೆ?” ಎಂದು ಕೇಳುತ್ತಾನೆ. ಕೆಲವರು ಬೇಸತ್ತು ಬೇರೆ ಅಂಗಡಿಗೆ ಹೋದರು. ಕೆಲವರು ಅವನನ್ನೇ ಕರೆದು ತೋರಿಸಿದರು. ಗೋದಾ ಆಜಿ ಆ ಮಳೆಗೂ ಇಳಿಯಲಿಲ್ಲ, ಅದರ ಮುಂದಿನ ಮಳೆಗೂ ಇಳಿಯಲಿಲ್ಲ. ದೀಪಾವಳಿಯ ದಿನ, “ಎಷ್ಟು ದಿನ ಚಾವಣಿ ನೋಡಲಿ, ಜನರನ್ನು ನೋಡಬೇಕು” ಎಂದು ಸೊಸೆಯ ಹೆಗಲು ಹಿಡಿದು ತಾನೇ ಕೆಳಗೆ ಬಂದಳು.

ಚಳಿಗಾಲದಲ್ಲಿ ಮತ್ತೆ ವ್ಯಾಖ್ಯಾನಗಳು ನಡೆದವು. ಗಂಡಹೆಂಡತಿ ಕೂಡಿ ಹೋದರು. ಮಾತು ಮುಗಿದಾಗ ಹಿಂದಿನ ಸಾಲಿನಿಂದ ಹೊಳಬಸಪ್ಪ ಎದ್ದ. “ನಾನು ಫರಸಿ ಮಾರುವವನು. ನನಗೆ ಒಂದು ಮಾತು ತಿಳಿಯಲಿಲ್ಲ” ಎಂದು ಮರಾಠಿಯಲ್ಲಿ ಶುರುಮಾಡಿದ. ಸಾವಂತ್ರವ್ವ ಅವನ ಪಕ್ಕದಲ್ಲಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಳವನ್ನೂ ಯಾರಾದರೂ ಗೋಡೆಯಿಂದ ಗೋಡೆಗೆ ಮುಚ್ಚುತ್ತೇವೆ ಎಂದರೆ ಒಂದು ಜೋರು ಮಳೆಯಲ್ಲಿ ಹೊರಗೆ ನಿಂತು ನೋಡಿ. ನಿಮ್ಮ ಮಾಳಿಗೆಯ ನೀರು ಯಾರ ಮನೆಗೆ ಹೋಗುತ್ತಿದೆ? ಗಿಡದ ಬುಡಕ್ಕೆ ಮಣ್ಣು ಬಿಟ್ಟಿದ್ದೀರಾ? ಹಳೆಯ ಕಾಲುವೆ ಎಲ್ಲಿತ್ತು ಎಂದು ಹಿರಿಯರನ್ನು ಕೇಳಿದ್ದೀರಾ? ಪಟ್ಟಣ ಕಟ್ಟುವ ಮಾತು, ಮಳೆಯ ಮಾತು, ಸೆಕೆಯ ಮಾತು ಹೇಳುವ ಸಭೆಗಳು ನಿಮ್ಮ ಹತ್ತಿರದಲ್ಲೇ ನಡೆಯುತ್ತವೆ. ಹೋಗಿ. ಅರ್ಧ ತಿಳಿಯದಿದ್ದರೂ ಹೋಗಿ. ತಿಳಿಯಲಿಲ್ಲ ಎಂದು ಸುಮ್ಮನೆ ಎದ್ದು ಬರಬೇಡಿ. ನಿಮಗೆ ಬರುವ ಭಾಷೆಯಲ್ಲೇ ಎದ್ದು ಕೇಳಿ. ನಿಮಗೆ ತಿಳಿಯದ್ದು ಪಕ್ಕದ ಕುರ್ಚಿಯವರಿಗೂ ತಿಳಿದಿರುವುದಿಲ್ಲ.